ರನ್ನನ ಹಿನ್ನೋಟ, ಬೀಳಗಿಯ ಬಾಗಿಲು

ನಿವೃತ್ತಿಯ ಬಳಿಕ ಕಥೆ ಬರೆಯಲು ಕುಳಿತಾಗ ನನ್ನ ಬಳಿ ಇದ್ದದ್ದು ನಾಲ್ಕು ಚಿತ್ರಗಳು ಮಾತ್ರ. ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ದಿನಗಳಲ್ಲಿ ಬೀಳಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತಲೆಬಾಗಿಲಿನ ಚೌಕಟ್ಟನ್ನು ಕಿತ್ತು ಚಕ್ಕಡಿಗೆ ಹೇರುತ್ತಿದ್ದ ಮುದುಕ. ಜಮಖಂಡಿಯ ಕಚೇರಿಯೊಂದರ ಮುಂದೆ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಮಾತಿಲ್ಲದೆ ಕುಳಿತಿದ್ದ ಅಣ್ಣತಮ್ಮಂದಿರು. ಮುಧೋಳದ ಬಳಿ ಹೊಸದಾಗಿ ಕೊಂಡ ಹೊಲದಲ್ಲಿ ನೀರು ಬೀಳದ ಕೊಳವೆಬಾವಿಯ ಪಕ್ಕ ನಿಂತ ರೈತ. ಬನಹಟ್ಟಿಯ ವಿದ್ಯುತ್ ಮಗ್ಗದ ಮುಂದೆ ಹರಿದ ಎಳೆಗೆ ಗಂಟು ಹಾಕಲು ತಡವರಿಸುತ್ತಿದ್ದ, ನೇಗಿಲಿಗೆ ಒಗ್ಗಿದ ಕೈಗಳ ಯುವಕ.

ಇವುಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿದೆ. ಆದದ್ದು ಕಥೆಯಲ್ಲ, ಕಡತ. ಕಡತದಲ್ಲಿ ಒಂದು ಹಾಳೆಯ ಮೇಲೆ ಇನ್ನೊಂದು ಹಾಳೆ ಬಂದು ಕೂರುತ್ತದೆ. ಮೊದಲಿನದರಿಂದ ಎರಡನೆಯದು ಹುಟ್ಟಿರಬೇಕೆಂಬ ನಿಯಮವಿಲ್ಲ. ಒಂದು ಘಟನೆಯ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಅದೇ ಇದಕ್ಕೆ ಕಾರಣವಲ್ಲವೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತವನಿಗೆ ಈ ದೋಷ ಬೇಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ದಾರಿ ತೋರಿಸಿದವನು ಮುಧೋಳದವನೇ ಆದ ರನ್ನ. ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಲುಕ್ಯರ ಆಸ್ಥಾನ ಕಂಡ ಈ ಹತ್ತನೆಯ ಶತಮಾನದ ಕವಿಯ ಎದುರಿಗೆ ಇಡೀ ಮಹಾಭಾರತ ಹರಡಿತ್ತು. ಪಂಪ ಅದನ್ನು ಮೊದಲಿನಿಂದ ಹೇಳಿ ಮುಗಿಸಿದ್ದ. ರನ್ನ 'ಗದಾಯುದ್ಧ'ದಲ್ಲಿ ಯುದ್ಧದ ಕೊನೆಯ ದಿನವನ್ನು ಹಿಡಿದುಕೊಂಡ. ಉಳಿದದ್ದನ್ನೆಲ್ಲ ಸಿಂಹಾವಲೋಕನ ಕ್ರಮದಿಂದ, ಎಂದರೆ ಸಿಂಹವು ನಡೆಯುತ್ತ ತಿರುಗಿ ನೋಡುವ ಬಗೆಯಿಂದ, ಅದರೊಳಕ್ಕೆ ಎಳೆದ. ದುರ್ಯೋಧನ ರಣರಂಗದಲ್ಲಿ ಸಂಜಯನೊಡನೆ ನಡೆಯುವಾಗ ದ್ರೋಣ, ದುಃಶಾಸನ, ಕರ್ಣರ ಹೆಣಗಳು ಎದುರಾಗುತ್ತವೆ. ಒಂದೊಂದು ಹೆಣವೂ ಹಿಂದಿನದೊಂದನ್ನು ಎಬ್ಬಿಸುತ್ತದೆ. ಎದ್ದ ನೆನಪು ಛಲವನ್ನು ಗಟ್ಟಿಮಾಡುತ್ತದೆ. ಆ ಛಲದಿಂದಲೇ ಭೀಷ್ಮರ ಸಂಧಿಯ ಮಾತು ವ್ಯರ್ಥವಾಗುತ್ತದೆ. ಸಂಧಿ ಇಲ್ಲವಾದ್ದರಿಂದ ಕೊಳದಲ್ಲಿ ಅಡಗಬೇಕಾಗುತ್ತದೆ. ಕೊಳದಲ್ಲಿ ಅಡಗಿದ್ದರಿಂದಲೇ ಭೀಮನ ಮೂದಲೆ ನೀರೊಳಗೂ ಅವನನ್ನು ಬೆವರಿಸುತ್ತದೆ. ನೆನಪು ಇಲ್ಲಿ ಅಲಂಕಾರವಲ್ಲ, ಮುಂದಿನ ಹೆಜ್ಜೆಯ ಕಾರಣ.

ಬನಹಟ್ಟಿಯ ನೇಕಾರರಿಗೆ ಇದು ಹೊಸ ಮಾತಲ್ಲ. ಹಾಸು ಉದ್ದಕ್ಕೂ ಬಿಗಿದು ನಿಂತಲ್ಲದೆ ಲಾಳಿ ಹೊಕ್ಕನ್ನು ಒಯ್ಯಲಾರದು. ನನ್ನ ಬಳಿ ಇದ್ದವೆಲ್ಲ ಹೊಕ್ಕಿನ ಎಳೆಗಳು. ಹಾಸಾಗಬಹುದಾದದ್ದು ಒಂದೇ: ಪರಿಹಾರದ ಹಣ. ಆ ಹಣ ಪಾಲಾಯಿತು, ಪಾಲಿನಲ್ಲಿ ಅಣ್ಣತಮ್ಮಂದಿರು ಮುರಿದರು. ಅಣ್ಣ ತನ್ನ ಪಾಲಿಗೆ ಸಾಲ ಸೇರಿಸಿ ಮುಧೋಳದ ಬಳಿ ಹೊಲ ಕೊಂಡ, ಬಾವಿ ಬತ್ತಿತು. ತಮ್ಮ ಪಾಲನ್ನು ಅಣ್ಣನ ಸಾಲಕ್ಕೆ ಕೊಡಲೊಪ್ಪದೆ, ಅದು ಕರಗಿದ ಮೇಲೆ ಮಗ್ಗದ ಕೂಲಿಗೆ ಹೋದ.

ನಿಜಕ್ಕೆ ಆ ನಾಲ್ಕು ಚಿತ್ರಗಳವರು ಬೇರೆ ಬೇರೆ ಮನೆಗಳವರು. ಅವರನ್ನು ಒಂದೇ ಮನೆಯವರನ್ನಾಗಿಸುವಾಗ ಕೈ ಅಳುಕಿತು. ಸೇವೆಯಲ್ಲಿದ್ದಾಗ ಟಿಪ್ಪಣಿಯಲ್ಲಿ ಹೀಗೆ ಮಾಡಿದ್ದರೆ ಅಮಾನತು ಖಚಿತವಿತ್ತು. ಆದರೆ ನಾನು ಬರೆದ ಟಿಪ್ಪಣಿಗಳಲ್ಲಿ ಪ್ರತಿ ಅಂಕಿಯೂ ಸರಿಯಿತ್ತು, ಒಂದು ನಷ್ಟದಿಂದ ಮತ್ತೊಂದು ಹುಟ್ಟುವ ಬಗೆ ಮಾತ್ರ ಎಲ್ಲಿಯೂ ದಾಖಲಾಗಲಿಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿದೆ. ಆ ನೀರು ಬಂದಾಗ ಇನ್ನಷ್ಟು ಚಕ್ಕಡಿಗಳು ಹೊರಡಬೇಕು.

ರನ್ನನಂತೆ ನಾನೂ ಕೊನೆಯಿಂದ ಆರಂಭಿಸಿದ್ದೇನೆ. ಮುದುಕನ ಚೌಕಟ್ಟು ಚಕ್ಕಡಿಯ ಮೇಲಿದೆ. ಹಿರಿಯ ಮಗನದು ತಗಡಿನ ಗೂಡು, ಕಿರಿಯನದು ಬಾಡಿಗೆಯ ಕೋಣೆ. ಎರಡಕ್ಕೂ ಅದು ದೊಡ್ಡದು. ಎತ್ತುಗಳು ದಾರಿಯ ಕವಲಿನಲ್ಲಿ ನಿಂತಿವೆ.