ಹಲ್ಲಿಗೆ ಕ್ಲಿಪ್: ಬಿಗಿ ಜಾಸ್ತಿಯಾದ್ರೆ ಸವೆಯೋದು ಹಲ್ಲಿನ ಬೇರು

ಕೋಲಸಿರ್ಸಿ: "ಮದುವೆ ಗೊತ್ತಾಗಿದೆ ಡಾಕ್ಟ್ರೇ, ಸ್ವಲ್ಪ ಬಿಗಿ ಮಾಡಿ ಬೇಗ ಮುಗಿಸಿ." ಉಬ್ಬು ಹಲ್ಲಿಗೆ ಕ್ಲಿಪ್ ಹಾಕಿಸಿದ ಮನೆಗಳಲ್ಲಿ ಇಂಥ ಮಾತು ಬಂದೇ ಬರುತ್ತೆ. ಆದರೆ ಬಿಗಿ ಹೆಚ್ಚಿಸಿದರೆ ಹಲ್ಲು ಬೇಗ ಸರಿಯಲ್ಲ. ಒಳಗಿನ ಬೇರು ಕರಗುವ ಅಪಾಯ ಮಾತ್ರ ಹೆಚ್ಚುತ್ತದೆ.

ಹಲ್ಲು ದವಡೆ ಮೂಳೆಗೆ ನೇರ ಅಂಟಿಕೊಂಡಿಲ್ಲ. ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರ ಇದೆ, ಅದರಲ್ಲಿ ರಕ್ತನಾಳಗಳಿವೆ. ತಂತಿ ಮೆಲ್ಲಗೆ ಒತ್ತಿದಾಗ ಮುಂದಿನ ಮೂಳೆ ಕರಗುತ್ತದೆ, ಹಿಂದೆ ಖಾಲಿಯಾದ ಜಾಗದಲ್ಲಿ ಹೊಸ ಮೂಳೆ ಬರುತ್ತದೆ. ಹಲ್ಲು ತಿಂಗಳಿಗೆ ಸುಮಾರು 1 ಮಿ.ಮೀ. ಸರಿಯುತ್ತದೆ, ಅಷ್ಟೇ. ಹಸಿ ಮಣ್ಣಿನಲ್ಲಿ ಬೇಲಿ ಗೂಟವನ್ನು ನಿಧಾನ ಒತ್ತಿ ಸರಿಸಿದ ಹಾಗೆ.

ಒತ್ತಡ ಜಾಸ್ತಿಯಾದ್ರೆ ಆ ಪದರ ಜಜ್ಜಿ, ರಕ್ತ ಓಡಾಟ ನಿಂತು, ಅಲ್ಲಿನ ಜೀವಕೋಶ ಸಾಯುತ್ತವೆ. ಹಲ್ಲು ವಾರಗಟ್ಟಲೆ ಇದ್ದಲ್ಲೇ ಇರುತ್ತದೆ. ಸತ್ತ ಭಾಗ ತೆಗೆಯಲು ಬರುವ ಕೋಶಗಳು ಬೇರಿನ ಮೇಲಿನ 'ಸಿಮೆಂಟಮ್' ಹೊದಿಕೆಯನ್ನೂ ಕೆರೆಯುತ್ತವೆ. ಸಣ್ಣ ಗುಂಡಿಯಾದರೆ ಒತ್ತಡ ಇಳಿದ ಮೇಲೆ ತುಂಬಿಕೊಳ್ಳುತ್ತದೆ. ಬೇರಿನ ತುದಿಯೇ ಹೋದರೆ ಮತ್ತೆ ಬೆಳೆಯಲ್ಲ.

ಇದು ಹೊಸ ಸಂಗತಿಯೇನಲ್ಲ. ಅಮೆರಿಕದ ದಂತವೈದ್ಯ ಕೆಚಮ್ 1927ರಲ್ಲೇ ಎಕ್ಸ್‌ರೇ ತೋರಿಸಿ ಎಚ್ಚರಿಸಿದ್ದರು. ಹಾಗಂತ ಕ್ಲಿಪ್ ಅಂದ್ರೆ ಹೆದರಬೇಕಿಲ್ಲ. ಬಹಳ ಜನರಲ್ಲಿ ಸವೆತ 1-2 ಮಿ.ಮೀ. ಒಳಗೇ ಇರುತ್ತದೆ. ಬೇರಿನ ಮೂರನೇ ಒಂದು ಭಾಗ ಹೋಗುವಂಥದ್ದು ನೂರರಲ್ಲಿ ಕೆಲವರಿಗೆ ಮಾತ್ರ. ಹೆಚ್ಚು ಪೆಟ್ಟು ತಿನ್ನೋದು ಮೇಲಿನ ಮುಂದಿನ ನಾಲ್ಕು ಹಲ್ಲು. ಹಿಂದೆ ಬೈಕಿನಿಂದಲೋ ಆಟದಲ್ಲೋ ಬಿದ್ದು ಹಲ್ಲಿಗೆ ಏಟಾಗಿದ್ದರೆ, ಬೇರಿನ ತುದಿ ಹುಟ್ಟಿನಿಂದಲೇ ಚೂಪಾಗಿದ್ದರೆ, ಚಿಕಿತ್ಸೆ ವರ್ಷಗಟ್ಟಲೆ ಎಳೆದರೆ ಅಪಾಯ ಹೆಚ್ಚು. ಕವಳ ಹಾಕುವವರು ಇದನ್ನೂ ಗಮನಿಸಬೇಕು: ಗಟ್ಟಿ ಅಡಿಕೆ ಕಡಿದು ಬ್ರಾಕೆಟ್ ಕಿತ್ತು ಬಂದಷ್ಟೂ ಚಿಕಿತ್ಸೆ ಉದ್ದವಾಗುತ್ತದೆ.

ತೊಂದರೆ ಏನಂದ್ರೆ, ಬೇರು ಕರಗುವಾಗ ಸಾಮಾನ್ಯವಾಗಿ ನೋವೇ ಇರಲ್ಲ. ಎಕ್ಸ್‌ರೇಯಲ್ಲಷ್ಟೇ ಗೊತ್ತಾಗೋದು. ಶಿರಸಿಯಲ್ಲೇ ಹಾಕಿಸಿ, ಧಾರವಾಡದ ಎಸ್‌ಡಿಎಂ ದಂತ ಕಾಲೇಜಿಗೋ ಮಣಿಪಾಲಕ್ಕೋ ಹೋಗಿ, ಎರಡು ಮಾತು ಕೇಳಲೇಬೇಕು: ಶುರುವಿಗೆ ಮುಂಚೆ ಎಕ್ಸ್‌ರೇ ತೆಗೆದಿದ್ದಾರಾ, ಆರರಿಂದ ಒಂಬತ್ತು ತಿಂಗಳಿಗೆ ಇನ್ನೊಮ್ಮೆ ನೋಡುತ್ತಾರಾ? ಸವೆತ ಕಂಡರೆ ಎರಡು-ಮೂರು ತಿಂಗಳು ತಂತಿಯ ಎಳೆತ ನಿಲ್ಲಿಸುವುದು ರೂಢಿ. ಆ ವಿರಾಮಕ್ಕೆ "ದುಡ್ಡು ಕೊಟ್ಟು ಸುಮ್ನೆ ಕೂರ್ಬೇಕಾ" ಅಂತ ಗೊಣಗಿದರೆ ನಷ್ಟ ನಮಗೇ.

ಮೊಬೈಲ್ ವಿಡಿಯೋ ನೋಡಿ ಸಂದು ಹಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತೋದಂತೂ ಬೇಡವೇ ಬೇಡ. ಅದು ಒಸಡಿನೊಳಗೆ ಜಾರಿ ಬೇರಿನುದ್ದಕ್ಕೂ ಏರಿ, ಗಟ್ಟಿಮುಟ್ಟಾದ ಹಲ್ಲನ್ನೇ ಕಳಚಿ ಹಾಕಿದ ಉದಾಹರಣೆಗಳಿವೆ.

ಕ್ಲಿಪ್ ತೆಗೆದ ಮೇಲೆ ಸವೆತ ಸಾಮಾನ್ಯವಾಗಿ ನಿಂತುಹೋಗುತ್ತದೆ. ಬೇರು ಸ್ವಲ್ಪ ಗಿಡ್ಡವಾದ ಹಲ್ಲೂ ವರ್ಷಾನುಗಟ್ಟಲೆ ಬಾಳುತ್ತದೆ. ಒಸಡಿನ ರೋಗ ಸೇರಿಕೊಂಡರೆ ಮಾತ್ರ ಅಂಥ ಹಲ್ಲು ಬೇಗ ಅಲುಗಾಡುತ್ತದೆ. ಅದಕ್ಕೇ ಹಳೇ ಎಕ್ಸ್‌ರೇ ಪ್ರತಿ ಬಿಸಾಡದೆ, ಮುಂದೆ ಯಾವ ಡಾಕ್ಟರ ಹತ್ರ ಹೋದರೂ ತೋರಿಸಬೇಕು.