ಆಲೇಖಗಳಲ್ಲಿ ಲಿಪಿಸೂಚಿ ಮತ್ತು ಭಾಷಾಸೂಚಿ

ಪಶ್ಚಿಮ ಬೆಂಗಳೂರಿನ ಉಚ್ಚಾರಣಾ ದತ್ತಾಂಶದ ಆಲೇಖದಲ್ಲಿ ‘ಬಸವೇಶ್ವರನಗರ’ವು ‘ಬಸವೇಶ್‌ವರನಗರ’ ಎಂದು ಮೂಡಿದರೆ ಓದುಗರು ಅದನ್ನು ಅಕ್ಷರವಿಭಜನೆಯ ಸಾಕ್ಷ್ಯವೆಂದೇ ಭಾವಿಸಬಹುದು. ಪಠ್ಯದ ಭಾಷೆಯನ್ನು ಕನ್ನಡವೆಂದು ನಮೂದಿಸಿದ ಮಾತ್ರಕ್ಕೆ ಈ ದೋಷ ನೀಗದೆಂಬುದು ನಮ್ಮ ಅಭಿಪ್ರಾಯ. ಒತ್ತಕ್ಷರವನ್ನು ಕೂಡಿಸುವುದು ಹಾರ್ಫ್‌ಬಜ್‌ನಂತಹ ಸಂಯೋಜಕ. ಅದಕ್ಕೆ ಮೊದಲು ಬೇಕಾದುದು ಲಿಪಿ. ಭಾಷಾಸೂಚಿಯು ಒಂದೇ ಲಿಪಿಯೊಳಗೆ ಭಾಷೆಗೆ ತಕ್ಕ ರೂಪವನ್ನು ಆರಿಸುತ್ತದೆ. ಸಿರಿಲಿಕ್‌ನ ಓರೆ ತಕಾರವು ರಷ್ಯನ್‌ನಲ್ಲಿ ಒಂದು ಬಗೆ, ಸರ್ಬಿಯನ್‌ನಲ್ಲಿ ಇನ್ನೊಂದು. ಅದೂ ಫಾಂಟಿನಲ್ಲಿ ಅಂತಹ ರೂಪವಿದ್ದರೆ ಮಾತ್ರ. ಕನ್ನಡ ಲಿಪಿಯ ತುಳು, ಕೊಡವ ಪಠ್ಯಗಳಿಗೂ ಇದೇ ನಿಯಮ. ‘ಸೂರ್ಯ’ದ ಅರ್ಕಾವೊತ್ತಿಗೂ ‘ರ‍್ಯಾಲಿ’ಯ ಯಕಾರದೊತ್ತಿಗೂ ಇರುವ ಭೇದವನ್ನಂತೂ ಯಾವ ಸೂಚಿಯೂ ತಾರದು, ರಕಾರದ ಬೆನ್ನಿಗೇ, ವಿರಾಮಚಿಹ್ನೆಗೆ ಮೊದಲು, ಯೂನಿಕೋಡ್‌ನ ಅದೃಶ್ಯ ಜೋಡಕವನ್ನು ಪಠ್ಯದಲ್ಲಿಯೇ ಇರಿಸಬೇಕು.