ವರ್ಷಕ್ಕೊಂದೇ ಪರೀಕ್ಷೆ

ನಲವತ್ತು ವರ್ಷ ಒಕ್ಕಲುತನ ಮಾಡಿದವರಿಗೆ ಗೊತ್ತಿಲ್ಲದ್ದೇನಿದೆ ಎನ್ನುತ್ತೇವೆ. ಮಳೆಯನ್ನೇ ನಂಬಿದ ಹೊಲದಲ್ಲಿ ಆ ಅನುಭವವೆಂದರೆ ನಲವತ್ತು ಮುಂಗಾರು, ನಲವತ್ತು ಹಿಂಗಾರು, ಅಷ್ಟೆ. ತೆಲಂಗಾಣದ ಕಲ್ಹೇರ್, ನಾರಾಯಣಖೇಡ, ಜಹೀರಾಬಾದ್ ಸೀಮೆಯಲ್ಲಿ ತೊಗರಿ ಕೈಕೊಟ್ಟರೆ ಅದು ಬೀಜದ ದೋಷವೋ, ಹುಳದ ಕಾಟವೋ, ಬಿತ್ತನೆ ತಡವಾಯಿತೋ? ಮರುವರ್ಷ ಪರೀಕ್ಷಿಸೋಣವೆಂದರೆ ಮಳೆಯೇ ಬೇರೆ. ಕಾರಣಗಳು ಹೀಗೆ ಕಲಸಿಹೋದ ಕಡೆ ಅನುಭವ ತಾನಾಗಿ ಪಾಠ ಹೇಳುವುದಿಲ್ಲ.

ಮಾಡುವುದು, ಹಿಂತಿರುಗಿ ನೋಡುವುದು, ಅದರಿಂದ ಒಂದು ಸೂತ್ರ ತೆಗೆಯುವುದು, ಮತ್ತೆ ಪ್ರಯೋಗಿಸುವುದು: ದೊಡ್ಡವರು ಕಲಿಯುವ ಬಗೆಯನ್ನು ಅಮೆರಿಕದ ಡೇವಿಡ್ ಕೋಲ್ಬ್ 1984ರಲ್ಲಿ ಹೀಗೊಂದು ಚಕ್ರವಾಗಿ ಬರೆದರು. ಬದುಕು ಇಷ್ಟು ಅಚ್ಚುಕಟ್ಟಾಗಿ ಸುತ್ತುವುದಿಲ್ಲ ಬಿಡಿ. ಆದರೆ ಎರಡನೆಯ ಹೆಜ್ಜೆಗೆ ಎಷ್ಟು ಬಲವಿದೆ ಎಂಬುದಕ್ಕೆ ಬೆಂಗಳೂರು ಮೂಲದ ವಿಪ್ರೊ ಕಂಪನಿಯಲ್ಲೇ ಪುರಾವೆ ಸಿಕ್ಕಿತು. ಅಲ್ಲಿ ತರಬೇತಿಗೆ ಸೇರಿದವರಲ್ಲಿ ಕೆಲವರು ದಿನದ ಕೊನೆಯ 15 ನಿಮಿಷ ಕೆಲಸ ನಿಲ್ಲಿಸಿ, ಅಂದು ಕಲಿತದ್ದನ್ನು ಬರೆದರು. ಇನ್ನು ಕೆಲವರು ಆ ಹೊತ್ತೂ ಕೆಲಸ ಮಾಡಿದರು. ಕೊನೆಯ ಪರೀಕ್ಷೆಯಲ್ಲಿ ಬರೆದವರೇ ಸುಮಾರು ಶೇ. 23ರಷ್ಟು ಮುಂದಿದ್ದರು. ಹಾರ್ವರ್ಡ್ ಸಂಶೋಧಕರು 2014ರಲ್ಲಿ ಇದನ್ನು ಪ್ರಕಟಿಸಿದರು.

ನೆನಪನ್ನು ಕೆದಕಿ ತೆಗೆದಷ್ಟೂ ಅದು ಗಟ್ಟಿಯಾಗುತ್ತದೆ. ಅದೇ ಹೊತ್ತಿಗೆ ಒಂದಿಷ್ಟು ಬದಲಾಗಲೂಬಹುದು. ಒಬ್ಬರೇ ಕೂತು ಮೆಲುಕು ಹಾಕಿದರೆ ನಮಗೆ ಒಗ್ಗುವ ಕಾರಣವೇ ಗಟ್ಟಿಯಾಗುವ ಅಪಾಯ ಇಲ್ಲಿದೆ. ಅದಕ್ಕೇ ಎದುರು ಮಾತಾಡುವವರು ಬೇಕು.

ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ನೆಲೆಯೂರಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೆ. 1983ರಲ್ಲಿ ಈ ಸಂಸ್ಥೆ ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು, ಮೊದಲು ದೂರದರ್ಶನದಲ್ಲಿದ್ದವರು. ಸಂಘದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ದಲಿತರು, ತುಂಡು ಹೊಲದ ಒಡತಿಯರು. ಊರಿನ ಇಪ್ಪತ್ತು ಮಂದಿ ಒಟ್ಟಿಗೆ ಕೂತು ಸುಗ್ಗಿಯ ಮಾತಾಡಿದರೆಂದರೆ ಒಂದೇ ಮಳೆ, ಇಪ್ಪತ್ತು ಹೊಲ. ಒಬ್ಬಾಕೆಯ ಸಜ್ಜೆ ಒಣಗಿದೆ, ಇನ್ನೊಬ್ಬಾಕೆಯದು ನಿಂತಿದೆ. ಏಕೆ ಎಂಬ ಪ್ರಶ್ನೆಗೆ ಈಗ ಹೋಲಿಸಿ ನೋಡಲು ಆಧಾರವಿದೆ. ಒಬ್ಬರಿಗೆ ಇಪ್ಪತ್ತು ವರ್ಷ ಹಿಡಿಯುವ ಪಾಠಕ್ಕೆ ಒಂದೇ ಸುಗ್ಗಿಯಲ್ಲಿ ಸಾಮಗ್ರಿ ಸಿಗುತ್ತದೆ.

ಈ ಹೆಣ್ಣುಮಕ್ಕಳು ವಿಡಿಯೊ ಕ್ಯಾಮೆರಾ ಹಿಡಿದು ವಾರಂಗಲ್‌ನ ಬಿಟಿ ಹತ್ತಿ ಬೆಳೆಗಾರರ ಕಷ್ಟವನ್ನೂ ಚಿತ್ರ ಮಾಡಿದರು. 2008ರಲ್ಲಿ ಮಾಚನೂರಿನಲ್ಲಿ ತಮ್ಮದೇ ಸಂಘಂ ರೇಡಿಯೊ ಆರಂಭಿಸಿದರು. ಬೀಜದ ಮಾತು ಒಂದೂರಿನ ಕಟ್ಟೆ ದಾಟಿ ಅಕ್ಕಪಕ್ಕದ ಹಳ್ಳಿಗಳಿಗೂ ಕೇಳಿಸತೊಡಗಿತು.

ರೈತರಿಗೆ ತರಬೇತಿ ಎಂದರೆ ಇವತ್ತಿಗೂ ಅಧಿಕಾರಿ ಮಾತಾಡುವುದು, ರೈತರು ಕೇಳುವುದು. ಕೃಷಿ ಇಲಾಖೆಯವರು ಮೊದಲ ಒಂದು ಗಂಟೆಯನ್ನು ಹೋದ ಸುಗ್ಗಿಯಲ್ಲಿ ಯಾರ ಹೊಲದಲ್ಲಿ ಏನಾಯಿತು ಎಂದು ಕೇಳಲು ಬಿಟ್ಟುಕೊಡಲಿ. ಅದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ.